ಮಂಡಿ ನೋವಿನ ಕೆಲಸ: ಸೊಂಟದಿಂದ ಪಾದದವರೆಗೆ

ಬಲ ಮಂಡಿಯ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ಬರುತ್ತಿದ್ದ ನೋವು ಪೂರ್ತಿ ಹೋಗಿಲ್ಲ, ಆದರೆ ಕಂಬಿ ಹಿಡಿಯದೆ ಇಳಿಯಬಲ್ಲೆ. ಓಟವೂ ನಿಧಾನವಾಗಿ ಶುರುವಾಗಿದೆ. ಇಲ್ಲಿಯವರೆಗೆ ಏನೇನು ಮಾಡಿದೆ, ಯಾಕೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಇದೇ ನೋವಿರುವ ಓಟಗಾರರಿಗೆ ಉಪಯೋಗಕ್ಕೆ ಬರಬಹುದು.

ವಿಡಿಯೊದಲ್ಲಿ ಕಂಡದ್ದು

ಫಿಸಿಯೋಥೆರಪಿಸ್ಟ್ ಮಂಡಿಯನ್ನು ಒತ್ತಿ, ಮಡಚಿ ನೋಡಿದರು. ಊತ ಇಲ್ಲ, ಸಡಿಲವಾಗಿಲ್ಲ. ಆಮೇಲೆ ಒಂದು ತಗ್ಗು ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವವರೆಗೆ ಮೆಲ್ಲಗೆ ಇಳಿಯಲು ಹೇಳಿದರು. ಎದುರಿನಿಂದ ಫೋನಲ್ಲಿ ವಿಡಿಯೊ ತೆಗೆದರು.

ಎಡಗಾಲಲ್ಲಿ ಇಳಿದಾಗ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೇ ಇತ್ತು. ಬಲಗಾಲಿನ ಕಥೆ ಬೇರೆ. ಅರ್ಧ ಇಳಿಯುವಷ್ಟರಲ್ಲಿ ಸೊಂಟದ ಎಡಭಾಗ ಕೆಳಗೆ ಜಾರಿತು, ತೊಡೆ ಒಳಕ್ಕೆ ತಿರುಗಿತು, ಮಂಡಿ ಹೆಬ್ಬೆರಳನ್ನೂ ದಾಟಿ ಒಳಗೆ ಬಂತು. ಪಾದದ ಒಳ ಅಂಚು ನೆಲಕ್ಕೆ ಅಪ್ಪಚ್ಚಿಯಾಯಿತು. ಸುಮ್ನೆ ನಿಂತಾಗ ಎರಡೂ ಕಾಲು ಒಂದೇ ತರ ಕಾಣುತ್ತಿದ್ದವು. ನೇರ ತಪ್ಪುತ್ತಿದ್ದದ್ದು ಭಾರ ಬಿದ್ದಾಗ ಮಾತ್ರ.

ಒಂದು ಕಾಲಲ್ಲಿ ನಿಂತಾಗ ಇನ್ನೊಂದು ಕಡೆಯ ಸೊಂಟ ಇಳಿಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ವಿವರಿಸಿದ್ದರು. ನಿಂತ ಕಾಲಿನ ಕಡೆಯ ಗ್ಲೂಟಿಯಸ್ ಮೀಡಿಯಸ್, ಅಂದರೆ ಸೊಂಟದ ಪಕ್ಕದ ಸ್ನಾಯು, ಸೊಂಟವನ್ನು ಮಟ್ಟವಾಗಿ ಹಿಡಿಯಬೇಕು. ಅದು ಸೋತರೆ ಸೊಂಟ ಇಳಿಯುತ್ತದೆ.

ನೋವು ಮಂಡಿಯಲ್ಲಿ ಯಾಕೆ

ಮಂಡಿಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಒಂದು ಹಳ್ಳದಲ್ಲಿ ಮೇಲೆ ಕೆಳಗೆ ಜಾರುತ್ತದೆ. ಚಿಪ್ಪು ಹಳ್ಳ ಬಿಟ್ಟು ಹೊರಕ್ಕೆ ಎಳೆದುಕೊಳ್ಳುತ್ತದೆ ಅಂತ ಹಿಂದೆಲ್ಲ ಹೇಳುತ್ತಿದ್ದರು. ಭಾರ ಹೊತ್ತ ಕಾಲನ್ನು ಎಂಆರ್‌ಐನಲ್ಲಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಇಂಥ ನೋವಿರುವ ಹಲವರಲ್ಲಿ ಚಿಪ್ಪಿನ ಕೆಳಗೆ ತೊಡೆಮೂಳೆಯೇ ಒಳಕ್ಕೆ ತಿರುಗುತ್ತದೆ. ಆಗ ಚಿಪ್ಪಿನ ಹೊರ ಅಂಚು ಮೂಳೆಗೆ ಜಾಸ್ತಿ ಒತ್ತುತ್ತದೆ. ಮುಟ್ಟುವ ಜಾಗ ಕಡಿಮೆ, ಒತ್ತಡ ಹೆಚ್ಚು. ಮೆಟ್ಟಿಲಲ್ಲಿ ಚಿಪ್ಪಿನ ಮೇಲೆ ಬೀಳುವ ಬಲವೇ ದೇಹದ ತೂಕದ ಸುಮಾರು 3 ಪಟ್ಟು. ಪೂರ್ತಿ ಕುಕ್ಕರಗಾಲಲ್ಲಿ ಕೂತರೆ ಅದು ಇನ್ನೂ ಏರುತ್ತದೆ. ಅಷ್ಟು ಬಲ ಸಣ್ಣ ಜಾಗದಲ್ಲಿ ಬಿದ್ದರೆ ನೋಯದೆ ಇರುತ್ತದಾ?

ಬಿಲ್ಲುಗಾಲಿನ ಲೆಕ್ಕ ಬೇರೆ. ಅಲ್ಲಿ ಭಾರ ಮಂಡಿಯ ಒಳಭಾಗಕ್ಕೆ ಬೀಳುತ್ತದೆ, ಆ ಕಡೆಯ ಸವೆತ ಬೇಗ ಮುಂದುವರಿಯುತ್ತದೆ. ಮೂಳೆಯ ಆಕಾರ ವ್ಯಾಯಾಮದಿಂದ ಬದಲಾಗುವುದಿಲ್ಲ. ನನ್ನದು ಅದಲ್ಲ.

ಸೊಂಟದ ಕೆಲಸ

ಹೆಚ್ಚು ಸಮಯ ಇಲ್ಲೇ ಹೋಗಿದೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು ನೋಡಲು ಸುಲಭ. ಆದರೆ ಸ್ನಾಯು ಸೋಲುತ್ತಿದ್ದಂತೆ ಕಾಲು ತಾನಾಗಿಯೇ ಮುಂದಕ್ಕೆ ಬರುತ್ತದೆ, ಬೆರಳುಗಳು ಮೇಲಕ್ಕೆ ತಿರುಗುತ್ತವೆ. ಆಗ ತೊಡೆಯ ಮುಂಭಾಗ ಕೆಲಸ ಕಿತ್ತುಕೊಳ್ಳುತ್ತದೆ. ಅದಕ್ಕೆ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತೇನೆ. ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಮೇಲೆ ಹೋಗಬೇಕು, ಬೆರಳು ಎದುರಿಗೇ ನೋಡಬೇಕು. ಹೀಗೆ ಮಾಡಿದರೆ ಸೊಂಟದ ಪಕ್ಕದ ಎಲುಬಿನ ಸ್ವಲ್ಪ ಹಿಂದೆ, ಜೇಬಿನ ಅಂಚು ಬರುವ ಜಾಗದಲ್ಲಿ, ಚೆನ್ನಾಗಿ ಉರಿಯುತ್ತದೆ. ಉರಿ ಅಲ್ಲೇ ಬಂದರೆ ಸರಿಯಾಗಿ ಮಾಡುತ್ತಿದ್ದೇನೆ ಅಂತ ಅರ್ಥ. ಇದರ ಜೊತೆ ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ತಿರುಗಿ ಮೊಣಕೈ ಊರಿ ದೇಹವನ್ನು ನೇರವಾಗಿ ಎತ್ತಿ ಹಿಡಿಯುವುದು), ಕಾಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಪಕ್ಕಕ್ಕೆ ನಡೆಯುವುದು, ಕನ್ನಡಿ ಮುಂದೆ ಮೆಟ್ಟಿಲು ಇಳಿಯುವುದು. ಕನ್ನಡಿ ಬೇಕೇ ಬೇಕು. ಸ್ನಾಯುವಿಗೆ ಶಕ್ತಿ ಬಂದ ಮಾತ್ರಕ್ಕೆ ಕಾಲಿನ ಅಭ್ಯಾಸ ಬದಲಾಗುವುದಿಲ್ಲ.

ಪಾದದ ಕೀಲು

ಇದನ್ನು ಬಹಳ ಜನ ನೋಡುವುದೇ ಇಲ್ಲ. ಗೋಡೆಯ ಎದುರು ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗಬಹುದು ಅಂತ ಅಳೆಯಬೇಕು. ಎಡಗಾಲು 11 ಸೆಂಟಿಮೀಟರ್, ಬಲಗಾಲು 7. ಈ ಕೀಲು ಮುಂದಕ್ಕೆ ಬಾಗದಿದ್ದರೆ ದೇಹ ಬೇರೆ ದಾರಿ ಹುಡುಕುತ್ತದೆ. ಪಾದ ಒಳಕ್ಕೆ ಕುಸಿಯುತ್ತದೆ, ಅದರ ಹಿಂದೆಯೇ ಮಂಡಿಯೂ ಹೋಗುತ್ತದೆ. ಮೀನಖಂಡವನ್ನು ಮಂಡಿ ನೇರ ಇಟ್ಟು ಒಮ್ಮೆ, ಬಾಗಿಸಿ ಒಮ್ಮೆ ಎಳೆಯುತ್ತಿದ್ದೇನೆ. ಬಲಗಾಲು ಈಗ 9ಕ್ಕೆ ಬಂದಿದೆ.

ಶೂ ಒಳಗಿನ ಇನ್‌ಸೋಲ್‌ನಿಂದ ಶುರುವಿನಲ್ಲಿ ಸ್ವಲ್ಪ ಆರಾಮ ಸಿಕ್ಕಿತು. ಆದರೆ ಚಪ್ಪಟೆ ಪಾದ ಇದ್ದೂ ನೋವೇ ಇಲ್ಲದವರು ಎಷ್ಟೋ ಜನ ಇದ್ದಾರೆ, ಅಲ್ವಾ? ಪಾದದ ಆಕಾರ ನೋಡಿದ ತಕ್ಷಣ ಅದನ್ನೇ ಕಾರಣ ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಮಂಡಿ ನೋವಿಗೆ ನೇರ ತಪ್ಪುವುದೂ ಒಂದು ಕಾರಣ ಅಷ್ಟೇ. ಒಮ್ಮೆಲೇ ಓಟ ಹೆಚ್ಚಿಸಿದರೂ ಇದೇ ನೋವು ಬರುತ್ತದೆ.

ಓಟ

ವೇಗ ಅಷ್ಟೇ ಇಟ್ಟು, ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ಸುಮಾರು 5ರಿಂದ 10 ಶೇಕಡಾ ಹೆಚ್ಚಿಸಿದ್ದೇನೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ದೇಹದ ಹತ್ತಿರವೇ ಬೀಳುತ್ತದೆ, ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಫೋನಿನಲ್ಲಿ ಒಂದೇ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿ, ಆ ಶಬ್ದಕ್ಕೆ ಹೆಜ್ಜೆ ಹಾಕುತ್ತೇನೆ. ಹತ್ತರಲ್ಲಿ 3ರವರೆಗಿನ ನೋವಿಗೆ ಓಟ ನಿಲ್ಲಿಸುವುದಿಲ್ಲ. ಮರುದಿನ ಬೆಳಿಗ್ಗೆ ಅದು ಹೆಚ್ಚಾಗಿದ್ದರೆ ಮುಂದಿನ ಓಟ ಕಡಿಮೆ ಮಾಡುತ್ತೇನೆ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡರೆ, ಭಾರ ಹಾಕಿದಾಗ ಕೈಕೊಟ್ಟರೆ ಈ ವ್ಯಾಯಾಮ ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಬೇಕು.

ಹೊಸ ವಿಡಿಯೊದಲ್ಲಿ ಬಲ ಮಂಡಿ ಎರಡನೇ ಬೆರಳಿನ ನೇರದಲ್ಲೇ ಇಳಿಯುತ್ತದೆ, ಕೊನೆಯ ಸ್ವಲ್ಪ ದೂರ ಮಾತ್ರ ಒಳಕ್ಕೆ ವಾಲುತ್ತದೆ. ಅದು ನಿಂತ ಮೇಲೆ ಮೆಟ್ಟಿಲಿನ ಎತ್ತರವನ್ನು 15 ಸೆಂಟಿಮೀಟರ್‌ನಿಂದ 20ಕ್ಕೆ ಏರಿಸುತ್ತೇನೆ. ಇಳಿಜಾರಿನ ಓಟ ಅದಾದ ಮೇಲೆ.