ಆಗ ಧರ್ಮಗ್ರಂಥವೇ ಕಾನೂನಾಗಿತ್ತಾ?

ನಾನು ಕಾಲೇಜಿನಲ್ಲಿ ಮಧ್ಯಯುಗದ ಚರಿತ್ರೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಕೈ ಎತ್ತಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಮೇಡಂ, ಆಗಿನ ಕಾಲದಲ್ಲಿ ಯುರೋಪಿನಲ್ಲಿ ಬೈಬಲ್, ಅರಬರ ಕಡೆ ಕುರ್‌ಆನ್. ಅದರಲ್ಲಿ ಇದ್ದದ್ದೇ ಕಾನೂನು ಅಲ್ವಾ?" ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ನೆಂಟರಲ್ಲೊಬ್ಬ ವಕೀಲರೂ ಕೇಳಿದ್ದಾರೆ. ಹೌದು ಅಂದರೂ ತಪ್ಪಾಗುತ್ತದೆ, ಇಲ್ಲ ಅಂದರೂ ತಪ್ಪಾಗುತ್ತದೆ. ಊಟ ಮುಗಿಯುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕಂಡಿದ್ದು ಇಷ್ಟು. ಗ್ರಂಥದಿಂದ ನೇರವಾಗಿ ನ್ಯಾಯಸ್ಥಾನಕ್ಕೆ ದಾರಿ ಇರಲಿಲ್ಲ. ನಡುವೆ ಓದಿ ಅರ್ಥ ಹೇಳುವ ಜನ ಇದ್ದರು. ಅವರು ಯಾರು, ರಾಜ ಅವರ ಬಾಯಿ ಮುಚ್ಚಿಸಬಹುದಿತ್ತಾ, ಅವರು ಬೇಡ ಅಂದಾಗ ಏನಾಗುತ್ತಿತ್ತು? ಇದನ್ನು ನೋಡಿದರೆ ಧರ್ಮ ಕಾನೂನನ್ನು ಹೇಗೆ ತಿದ್ದಿತು ಅಂತ ಗೊತ್ತಾಗುತ್ತದೆ.

ಮೊದಲು ಕಾನ್‌ಸ್ಟಾಂಟಿನೋಪಲ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ. ಜಸ್ಟಿನಿಯನ್ 527ರಲ್ಲಿ ಅಲ್ಲಿ ಚಕ್ರವರ್ತಿಯಾದ. ಹರಿದು ಹಂಚಿಹೋಗಿದ್ದ ರೋಮನ್ ಕಾನೂನನ್ನು ಒಟ್ಟುಮಾಡಿಸಿದ. 534ರಲ್ಲಿ ಹೊರಬಂದ ಅವನ ಕೋಡ್, ಅಂದರೆ ಕಾನೂನು ಸಂಹಿತೆ, ಶುರುವಾಗುವುದೇ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ನಂಬಿಕೆಯ ಅಧ್ಯಾಯದಿಂದ. ಅಷ್ಟು ಓದಿದರೆ ಇದು ಪೂರಾ ಕ್ರೈಸ್ತ ಕಾನೂನು ಅನ್ನಿಸುತ್ತದೆ. ಆದರೆ ಅದರ ಜೊತೆಯ ದೊಡ್ಡ ಸಂಕಲನ ಡೈಜೆಸ್ಟ್ ಬಿಡಿಸಿ ನೋಡಿ. 533ರಲ್ಲಿ ಬಂದಿದ್ದು, 50 ಭಾಗ. ಅದರಲ್ಲಿ ತುಂಬಿರುವುದು ಹಳೇ ರೋಮಿನ ನ್ಯಾಯಪಂಡಿತರ ಮಾತು. ಎಲ್ಲರಿಗಿಂತ ಜಾಸ್ತಿ ಪಾಲು ಉಲ್ಪಿಯನ್‌ನದು. ಅವನು ಕ್ರೈಸ್ತನೇ ಅಲ್ಲ. ಸಾಲ, ಮಾರಾಟ, ಬಾಡಿಗೆ, ಪಕ್ಕದ ಹೊಲದ ನೀರು, ಇದಕ್ಕೆಲ್ಲ ಕ್ರೈಸ್ತ ಚಕ್ರವರ್ತಿ ಹಳೇ ದೇವರುಗಳ ಕಾಲದ ಉತ್ತರವನ್ನೇ ಇಟ್ಟುಕೊಂಡ.

ಧರ್ಮ ಬಲವಾಗಿ ಕೈ ಹಾಕಿದ್ದು ಮನೆಯೊಳಗಿನ ವಿಷಯಕ್ಕೆ. ಹಳೇ ರೋಮನ್ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಸುಮ್ನೆ ಬೇರೆಯಾಗಬಹುದಿತ್ತು. ಜಸ್ಟಿನಿಯನ್ 542ರಲ್ಲಿ ಅದನ್ನು ನಿಲ್ಲಿಸಿದ. ಇಬ್ಬರೂ ಬ್ರಹ್ಮಚರ್ಯಕ್ಕಾಗಿ ಬಿಡುವುದಾದರೆ ಮಾತ್ರ ಸರಿ ಅಂದ. ಅವನು ತೀರಿಕೊಂಡಿದ್ದು 565ರಲ್ಲಿ. ಮರುವರ್ಷವೇ ಅವನ ಸೋದರಳಿಯ, ಎರಡನೇ ಜಸ್ಟಿನ್, ಆ ನಿಷೇಧ ತೆಗೆದುಹಾಕಿದ. ಒಬ್ಬರ ಮುಖ ಒಬ್ಬರು ನೋಡಲಾಗದ ದಂಪತಿಗಳು ಒಬ್ಬರ ಜೀವಕ್ಕೆ ಒಬ್ಬರು ಸಂಚು ಮಾಡುವ ಮಟ್ಟಕ್ಕೆ ಹೋಗಿದ್ದಾರೆ ಅಂತ ಅವನ ಆಜ್ಞೆಯೇ ಕಾರಣ ಕೊಡುತ್ತದೆ. ಈ ಪುಟ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹೆಸರಿಲ್ಲದ ಎಷ್ಟು ಹೆಂಗಸರು ಆ 24 ವರ್ಷ ಹೇಗೆ ಕಳೆದರೋ.

ಇನ್ನು ಪಶ್ಚಿಮ ಯುರೋಪು. ತರಗತಿಯಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

ಒಬ್ಬನ ಮೇಲೆ ಕೊಲೆಯ ಆರೋಪ ಬಂತು ಅನ್ನಿ. ಸಾಕ್ಷಿ ಇಲ್ಲ. ಏನು ಮಾಡುವುದು? ದಿವ್ಯ, ಅಂದರೆ ಬೆಂಕಿಯಿಂದಲೋ ನೀರಿನಿಂದಲೋ ಆರೋಪಿಯನ್ನು ಪರೀಕ್ಷಿಸಿ ದೇವರ ತೀರ್ಪು ಕೇಳುವುದು. ಈ ಪದ ನಮಗೆ ಹೊಸದಲ್ಲ. ಕಾಯಿಸಿದ ನೇಗಿಲ ಗುಳ ಹಿಡಿಯುವ ಫಾಲದಿವ್ಯ ನಮ್ಮ ಶಾಸನಗಳಲ್ಲೂ ಬರುತ್ತದೆ. ಇಂಗ್ಲೆಂಡಿನಲ್ಲಿ ಹೀಗಿತ್ತು: ಆರೋಪಿ ಮೂರು ದಿನ ಉಪವಾಸ ಇರಬೇಕು, ಚರ್ಚಿನ ಪೂಜೆಯಲ್ಲಿ ನಿಲ್ಲಬೇಕು. ಪಾದ್ರಿ ಕಬ್ಬಿಣವನ್ನು ಮಂತ್ರಿಸುತ್ತಾನೆ. ಕೆಂಪಗೆ ಕಾದ ಆ ಕಬ್ಬಿಣ ಒಂದು ಪೌಂಡ್, ಅಪರಾಧ ದೊಡ್ಡದಾದರೆ ಮೂರು ಪೌಂಡ್ ತೂಕದ್ದು. ಅದನ್ನು ಬರಿಗೈಯಲ್ಲಿ ಹಿಡಿದು ಒಂಬತ್ತು ಅಡಿ ನಡೆಯಬೇಕು. ಆಮೇಲೆ ಕೈಗೆ ಬಟ್ಟೆ ಕಟ್ಟಿ ಮುದ್ರೆ ಹಾಕುತ್ತಾರೆ. ಮೂರು ದಿನ ಬಿಟ್ಟು ಬಿಚ್ಚುತ್ತಾರೆ. ಗಾಯ ಚೊಕ್ಕವಾಗಿ ಮಾಯುತ್ತಿದ್ದರೆ ನಿರಪರಾಧಿ. ಕೀವು ತುಂಬಿದ್ದರೆ ಅಪರಾಧಿ. ನೀರಿನ ದಿವ್ಯದಲ್ಲಿ ಕೈಕಾಲು ಕಟ್ಟಿ ಕೊಳಕ್ಕೆ ಇಳಿಸುತ್ತಿದ್ದರು. ಮುಳುಗಿದರೆ ಬಿಡುಗಡೆ. ತೇಲಿದರೆ, ಮಂತ್ರಿಸಿದ ನೀರು ಅವನನ್ನು ಒಲ್ಲೆ ಅಂದಿತು ಅಂತ ಅರ್ಥ.

ಆ ಕೀವನ್ನು ನೋಡಿ ಹೇಳುವವನು ಪಾದ್ರಿ. ಅವನಿಲ್ಲದೆ ದಿವ್ಯ ನಡೆಯುವ ಹಾಗೇ ಇಲ್ಲ. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

12ನೇ ಶತಮಾನದ ಕೊನೆಗೆ ಪ್ಯಾರಿಸಿನ ಪಾಠಶಾಲೆಯಲ್ಲಿ ಪೀಟರ್ ಎಂಬ ಧರ್ಮಪಂಡಿತ ಇದನ್ನು ಬಲವಾಗಿ ವಿರೋಧಿಸಿದ. ಪೀಟರ್ ದ ಚಾಂಟರ್ ಅಂತ ಅವನನ್ನು ಕರೆಯುತ್ತಾರೆ. ಅವನು ಹೇಳುತ್ತಿದ್ದ ಒಂದು ಪ್ರಸಂಗ ನನ್ನ ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ. ಇಬ್ಬರು ಒಟ್ಟಿಗೆ ಜೆರೂಸಲೇಮ್ ಯಾತ್ರೆಗೆ ಹೋದರು. ಒಬ್ಬನೇ ವಾಪಸ್ ಬಂದ. ಜೊತೆಗಾರನನ್ನು ಕೊಂದಿದ್ದಾನೆ ಅಂತ ಊರವರು ಹಿಡಿದರು. ದಿವ್ಯದಲ್ಲಿ ಸೋತ. ನೇಣು ಹಾಕಿದರು. ಸ್ವಲ್ಪ ದಿನದಲ್ಲಿ ಆ ಜೊತೆಗಾರ ನಡೆದುಕೊಂಡು ಊರಿಗೆ ಬಂದ. ಅವನು ಇನ್ನೊಂದು ಪುಣ್ಯಕ್ಷೇತ್ರಕ್ಕೆ ಹೋಗಿದ್ದ, ಅಷ್ಟೆ.

ಪೀಟರನ ವಾದ ದೇವರಿಲ್ಲ ಅನ್ನುವುದಲ್ಲ. ದೇವರನ್ನು ಪರೀಕ್ಷೆ ಮಾಡಬೇಡಿ ಅಂತ ಬೈಬಲ್ಲೇ ಹೇಳಿದೆ, ನಾವು ವಾರಕ್ಕೊಮ್ಮೆ ಕಬ್ಬಿಣ ಕಾಯಿಸಿ ದೇವರಿಂದ ತೀರ್ಪು ಕೇಳುತ್ತಿದ್ದೇವೆ ಅನ್ನುವುದು. ನಂಬಿಕೆಯ ಒಳಗಿನಿಂದಲೇ ಬಂದ ಮಾತು ಇದು. ಪೋಪ್ ಮೂರನೇ ಇನ್ನೊಸೆಂಟ್ 1215ರಲ್ಲಿ ರೋಮಿನಲ್ಲಿ ಕರೆದ ಚರ್ಚಿನ ಮಹಾಸಭೆಯಲ್ಲಿ (ನಾಲ್ಕನೇ ಲ್ಯಾಟರನ್ ಸಭೆ) ಇದು ನಿಯಮವೇ ಆಯಿತು. ಪಾದ್ರಿಗಳು ದಿವ್ಯದ ನೀರನ್ನಾಗಲಿ ಕಬ್ಬಿಣವನ್ನಾಗಲಿ ಮಂತ್ರಿಸಕೂಡದು.

ದಿವ್ಯ ರದ್ದು ಅಂತ ಆ ನಿಯಮ ಹೇಳಲಿಲ್ಲ. ಪಾದ್ರಿ ಹಿಂದೆ ಸರಿಯಬೇಕು ಅಂತ ಹೇಳಿತು. ಅಷ್ಟಕ್ಕೇ ರಾಜರ ನ್ಯಾಯಸ್ಥಾನಗಳ ಕೈ ಕಟ್ಟಿಹೋಯಿತು. ಇಂಗ್ಲೆಂಡಿನಲ್ಲಿ 1219ರಲ್ಲಿ ಬಾಲಕ ರಾಜ ಮೂರನೇ ಹೆನ್ರಿಯ ಹೆಸರಿನಲ್ಲಿ ಸಂಚಾರಿ ನ್ಯಾಯಾಧೀಶರಿಗೆ ಒಂದು ಪತ್ರ ಹೋಯಿತು. ಚರ್ಚು ದಿವ್ಯವನ್ನು ನಿಲ್ಲಿಸಿದೆ. ದೊಡ್ಡ ಅಪರಾಧದ ಆರೋಪ ಇದ್ದವರನ್ನು ಸೆರೆಯಲ್ಲಿಡಿ. ಮಧ್ಯಮ ಅಪರಾಧದವರು ದೇಶ ಬಿಡಲಿ. ಸಣ್ಣ ಅಪರಾಧದವರಿಂದ ಜಾಮೀನು ತೆಗೆದುಕೊಳ್ಳಿ. ಉಳಿದದ್ದು ನಿಮ್ಮ ವಿವೇಚನೆಗೆ ಬಿಟ್ಟಿದ್ದು. ಮುಂದೇನು ಅಂತ ಆಳುವವರಿಗೂ ತಿಳಿದಿರಲಿಲ್ಲ ಅನ್ನುವುದು ಆ ಪತ್ರದಲ್ಲೇ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು ಜೂರಿ. ಅಕ್ಕಪಕ್ಕದ ಹಳ್ಳಿಯ ಹನ್ನೆರಡು ಜನ ಕೂತು ಇವನು ಮಾಡಿದ್ದಾನೆ, ಮಾಡಿಲ್ಲ ಅಂತ ಹೇಳುವುದು.

ಇಟಲಿ, ಫ್ರಾನ್ಸ್ ಕಡೆ ಅದೇ ಖಾಲಿ ಜಾಗಕ್ಕೆ ಬೇರೆಯದು ಬಂತು. ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕು, ಇಲ್ಲವೇ ಅವನೇ ತಪ್ಪೊಪ್ಪಿಕೊಳ್ಳಬೇಕು ಅಂದರು. ಕತ್ತಲಲ್ಲಿ ಮಾಡಿದ ಕೊಲೆಗೆ ಇಬ್ಬರು ಸಾಕ್ಷಿ ಎಲ್ಲಿ ಸಿಗುತ್ತಾರೆ? ಹಾಗಾಗಿ ತಪ್ಪೊಪ್ಪಿಗೆ ಹೊರಡಿಸಲು ಚಿತ್ರಹಿಂಸೆ ಬಂತು. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಧರ್ಮದ್ರೋಹದ ವಿಚಾರಣೆಗೂ ಅದಕ್ಕೆ ಒಪ್ಪಿಗೆ ಕೊಟ್ಟ. ದೇವರನ್ನು ಪರೀಕ್ಷಿಸಬಾರದು ಅನ್ನುವ ಒಳ್ಳೆಯ ಮಾತಿನಿಂದ ಹೊರಟ ದಾರಿ ಒಂದು ಕಡೆ ಜೂರಿಗೆ ಹೋಯಿತು, ಇನ್ನೊಂದು ಕಡೆ ಚಿತ್ರಹಿಂಸೆಯ ಕೋಣೆಗೆ. ಧರ್ಮದಿಂದ ಕಾನೂನು ಮೃದುವಾಯಿತಾ, ಕ್ರೂರವಾಯಿತಾ ಅಂತ ಒಂದೇ ಮಾತಿನಲ್ಲಿ ಕೇಳುವವರಿಗೆ ನಾನು ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಈಗ ಮುಸ್ಲಿಂ ಸಾಮ್ರಾಜ್ಯವನ್ನು ಆಳಿದ ಖಲೀಫರ ರಾಜಧಾನಿ ಬಾಗ್ದಾದ್. ಕುರ್‌ಆನ್‌ನಲ್ಲಿ 6,200ಕ್ಕೂ ಜಾಸ್ತಿ ಆಯತ್‌ಗಳಿವೆ, ಅಂದರೆ ವಚನಗಳು. ಅದರಲ್ಲಿ ಕಾನೂನಿನ ವಿಷಯ ಇರುವುದು ಸುಮಾರು 500 ಅನ್ನುವುದು ಹಳೇ ಪಂಡಿತರದೇ ಲೆಕ್ಕ. ಅಷ್ಟರಿಂದ ಸ್ಪೇನಿನಿಂದ ಮಧ್ಯ ಏಷ್ಯಾದವರೆಗಿನ ನಾಡನ್ನು ನಡೆಸಲು ಆಗುತ್ತದಾ? ಪ್ರವಾದಿಯವರ ನಡೆನುಡಿ ಹೇಳುವ ಹದೀಸ್, ಪಂಡಿತರ ಒಮ್ಮತ, ಒಂದರ ಹೋಲಿಕೆಯಿಂದ ಇನ್ನೊಂದಕ್ಕೆ ಉತ್ತರ ಕಂಡುಕೊಳ್ಳುವುದು, ಇವೆಲ್ಲ ಸೇರಿ ಕಾನೂನು ಬೆಳೆಯಿತು. ಬೆಳೆಸಿದವರು ಗುರುಗಳು ಮತ್ತು ಅವರ ಶಿಷ್ಯರು. ಅಬೂ ಹನೀಫಾ, ಮಾಲಿಕ್, ಶಾಫಿಈ, ಅಹ್ಮದ್ ಬಿನ್ ಹಂಬಲ್, ಈ ನಾಲ್ವರ ಹೆಸರಿನಲ್ಲಿ ನಾಲ್ಕು ಸುನ್ನಿ ಪಂಥಗಳು ನಿಂತವು.

ಇಲ್ಲಿ ಖಲೀಫನ ಪಾತ್ರ ಏನು? 833ರಲ್ಲಿ ಖಲೀಫ ಮಾಮೂನ್ ಇದನ್ನು ತಾನೇ ತೀರ್ಮಾನಿಸಲು ಹೊರಟ. ಕುರ್‌ಆನ್ ದೇವರು ಸೃಷ್ಟಿಸಿದ್ದು, ಅನಾದಿ ಅಲ್ಲ ಅನ್ನುವುದು ಅವನ ಮತ. ಬಾಗ್ದಾದಿನ ಖಾಜಿಗಳನ್ನೂ (ನ್ಯಾಯಾಧೀಶರು) ಪಂಡಿತರನ್ನೂ ಕರೆಸಿ ಒಪ್ಪಿಸಿ ಅಂತ ಅಲ್ಲಿನ ಅಧಿಕಾರಿಗೆ ಪತ್ರ ಬರೆದ. ಒಪ್ಪದವರ ಸಾಕ್ಷ್ಯ ನ್ಯಾಯಸ್ಥಾನದಲ್ಲಿ ನಡೆಯುವುದಿಲ್ಲ ಅಂದ. ತುಂಬ ಜನ ಒಪ್ಪಿಬಿಟ್ಟರು. ಅಹ್ಮದ್ ಬಿನ್ ಹಂಬಲ್ ಒಪ್ಪಲಿಲ್ಲ. ಕೈಗೆ ಸರಪಳಿ ಹಾಕಿದರು. ಮಾಮೂನ್ ಅದೇ ವರ್ಷ ತೀರಿಕೊಂಡ. ಮುಂದಿನ ಖಲೀಫ ಮುಅ್‌ತಸಿಮ್ ಅವರಿಗೆ ಚಾಟಿಯಲ್ಲಿ ಹೊಡೆಸಿದ. ಆಗಲೂ ಅವರದು ಒಂದೇ ಮಾತು: ಕುರ್‌ಆನ್‌ನಿಂದಲೋ ಹದೀಸ್‌ನಿಂದಲೋ ತೋರಿಸಿ, ಒಪ್ಪುತ್ತೇನೆ. ಹದಿನೈದು ವರ್ಷದ ಸುಮಾರಿಗೆ ಖಲೀಫರು ಆ ಪ್ರಯತ್ನವನ್ನೇ ಬಿಟ್ಟರು. 855ರಲ್ಲಿ ಅಹ್ಮದ್ ತೀರಿಕೊಂಡಾಗ ಊರಿಗೆ ಊರೇ ಸೇರಿತ್ತು. ಧರ್ಮ ಏನು ಹೇಳುತ್ತದೆ ಅನ್ನುವುದು ಅರಮನೆಯಿಂದ ಹೊರಗೆ ಉಳಿಯಿತು. ಖಾಜಿಯನ್ನು ಖಲೀಫ ನೇಮಿಸಬಹುದು, ತೆಗೆಯಬಹುದು. ಆದರೆ ಖಾಜಿ ಓದುವ ಕಾನೂನನ್ನು ಅವನು ಬರೆಯುವ ಹಾಗಿಲ್ಲ.

ಕಳ್ಳನ ಕೈ ಕತ್ತರಿಸುವ ಶಿಕ್ಷೆಯ ಬಗ್ಗೆಯೂ ಕೇಳುತ್ತಾರೆ. ಅದು ಗ್ರಂಥದಲ್ಲಿ ಇದೆ, ಇಲ್ಲ ಅನ್ನಲಾಗದು. ಆದರೆ ಪಂಡಿತರು ಅದರ ಸುತ್ತ ಎಷ್ಟು ಬೇಲಿ ಹಾಕಿದರು ನೋಡಿ. ಕದ್ದ ವಸ್ತುವಿಗೆ ಒಂದು ಕನಿಷ್ಠ ಬೆಲೆ ಇರಬೇಕು. ಅಬೂ ಹನೀಫಾ ಪಂಥದ ಹನಫಿಗಳ ಲೆಕ್ಕದಲ್ಲಿ ಅದು ಹತ್ತು ದಿರ್ಹಮ್ ಬೆಳ್ಳಿ ನಾಣ್ಯ. ಭದ್ರವಾಗಿ ಇಟ್ಟ ಜಾಗದಿಂದ ಕದ್ದಿರಬೇಕು. ಆ ಸೊತ್ತಿನಲ್ಲಿ ಕದ್ದವನಿಗೆ ಪಾಲು ಇರಕೂಡದು. ಸಂಶಯ ಇದ್ದರೆ ಈ ಶಿಕ್ಷೆ ಕೊಡಬೇಡಿ ಅನ್ನುವುದು ಅವರ ಸೂತ್ರ. ಹಾದರಕ್ಕೆ ಕಣ್ಣಾರೆ ಕಂಡ ನಾಲ್ಕು ಸಾಕ್ಷಿ ಬೇಕು. ತರದೆ ಹೆಂಗಸಿನ ಮೇಲೆ ಬಾಯಿ ಬಿಟ್ಟವನಿಗೇ 80 ಏಟು. ಹಾಗಂತ ಆ ನಾಡುಗಳಲ್ಲಿ ಕ್ರೂರ ಶಿಕ್ಷೆ ಇರಲಿಲ್ಲ ಅಂದುಕೊಳ್ಳಬೇಡಿ. ಸುಲ್ತಾನರಿಗೆ ತಮ್ಮದೇ ಪೊಲೀಸು, ತಮ್ಮದೇ ಅಹವಾಲು ದರ್ಬಾರು ಇತ್ತು. ಅಲ್ಲಿ ಈ ಬೇಲಿಗಳು ಅಷ್ಟಾಗಿ ಅಡ್ಡ ಬರುತ್ತಿರಲಿಲ್ಲ.

ಪಂಡಿತರು ಬರೆದದ್ದೇ ಕಾನೂನಾಗುವುದು ನಮಗೂ ಗೊತ್ತಿರುವ ದಾರಿ. ಬೊಲೋನ್ಯಾದಲ್ಲಿ ಗ್ರೇಷಿಯನ್ 1140ರ ಸುಮಾರಿಗೆ ಚರ್ಚಿನ ಕಾನೂನನ್ನು ಒಟ್ಟುಮಾಡಿದ. ಅದಕ್ಕೆ ಕೆಲವೇ ದಶಕ ಮುಂಚೆ ನಮ್ಮ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಅದು ರಾಜಾಜ್ಞೆಯಲ್ಲ, ಒಂದು ಸ್ಮೃತಿಗೆ ಬರೆದ ವ್ಯಾಖ್ಯಾನ. ಆದರೂ ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಇಪ್ಪತ್ತನೇ ಶತಮಾನದವರೆಗೂ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು.

ಕೊನೆಗೆ ಮದುವೆಯ ಮಾತು. ಒಂದೇ ಧರ್ಮ, ಒಂದೇ ಗ್ರಂಥ ಇದ್ದರೂ ಕಾನೂನು ಹೇಗೆ ಕವಲೊಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೈಜಾಂಟಿಯಂನಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್‌ನ ಆ ಪೂರ್ವ ಸಾಮ್ರಾಜ್ಯದಲ್ಲಿ, ಚಕ್ರವರ್ತಿ ಆರನೇ ಲಿಯೋ, ಚರ್ಚಿನ ಆಶೀರ್ವಾದ ಇಲ್ಲದಿದ್ದರೆ ಮದುವೆಯೇ ಅಲ್ಲ ಅಂದ. ಪಶ್ಚಿಮದಲ್ಲಿ ಪೋಪ್ ಮೂರನೇ ಅಲೆಗ್ಸಾಂಡರ್, ಹುಡುಗ ಹುಡುಗಿ ಒಪ್ಪಿ ಮಾತು ಕೊಟ್ಟರೆ ಸಾಕು, ಮದುವೆ ಆಯಿತು ಅಂದ. ಪಾದ್ರಿ ಬೇಡ, ಅಪ್ಪನ ಒಪ್ಪಿಗೆಯೂ ಬೇಡ. ಇಸ್ಲಾಮಿನಲ್ಲೂ ಹಾಗೇ. ವಯಸ್ಸಿಗೆ ಬಂದ ಹೆಣ್ಣು ತಾನೇ ನಿಕಾಹ್ ಮಾಡಿಕೊಳ್ಳಬಹುದು ಅನ್ನುವುದು ಹನಫಿ ಪಂಥ. ಹುಡುಗಿಯ ಪರವಾಗಿ ವಲೀ, ಅಂದರೆ ಅಪ್ಪನಂಥ ಪೋಷಕ, ನಿಲ್ಲಲೇಬೇಕು ಅನ್ನುವುದು ಉಳಿದ ಮೂರು.

ಅದೇ ಹನಫಿ ಪಂಥ ಇನ್ನೊಂದು ಕಡೆ ಹೆಂಗಸಿಗೆ ತುಂಬ ಬಿಗಿ. ಗಂಡ ವ್ಯಾಪಾರಕ್ಕೆ ಹೋದವನು ಬರಲೇ ಇಲ್ಲ, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನಿ. ಅವನ ವಯಸ್ಸಿನವರು ತೀರಿಹೋಗುವಷ್ಟು ಕಾಲ ಅವಳು ಕಾಯಬೇಕು. ಮಾಲಿಕ್ ಹೆಸರಿನ ಮಾಲಿಕಿ ಪಂಥದಲ್ಲಿ ನಾಲ್ಕು ವರ್ಷ ಕಾದರೆ ಖಾಜಿ ಬಿಡುಗಡೆಯ ದಾರಿ ಮಾಡಿಕೊಡಬಹುದು. ಕೈರೋದಲ್ಲಿ ಸುಲ್ತಾನ್ ಬೈಬರ್ಸ್ 1265ರಲ್ಲಿ ನಾಲ್ಕೂ ಪಂಥಕ್ಕೆ ಒಬ್ಬೊಬ್ಬ ಮುಖ್ಯ ಖಾಜಿಯನ್ನು ನೇಮಿಸಿದ. ಜನ ತಮ್ಮ ಕಷ್ಟಕ್ಕೆ ಹೊಂದುವ ಖಾಜಿಯ ಬಾಗಿಲಿಗೆ ಹೋಗುವ ದಾರಿ ತೆರೆಯಿತು.

ನಮ್ಮ ದೇಶದ ಮುಸಲ್ಮಾನರಲ್ಲಿ ಜಾಸ್ತಿ ಜನ ಹನಫಿಗಳು. ಇಲ್ಲಿ ಮಾಲಿಕಿ ಖಾಜಿಯ ಬಾಗಿಲು ಇರಲಿಲ್ಲ. ಗಂಡ ಕಾಣೆಯಾದವಳು ಕಾಯಬೇಕು, ಅಷ್ಟೆ. 1930ರ ದಶಕದಲ್ಲಿ ಉತ್ತರ ಭಾರತದ ಹನಫಿ ವಿದ್ವಾಂಸ ಅಶ್ರಫ್ ಅಲಿ ಥಾನವಿ, ಇಂಥ ಸಂಕಟದಲ್ಲಿ ಮಾಲಿಕಿ ನಿಯಮವನ್ನು ತೆಗೆದುಕೊಳ್ಳಬಹುದು ಅಂತ ಬರೆದರು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಹೆಂಡತಿ ಕೊಡಬಹುದಾದ ಮೊದಲನೇ ಕಾರಣವೇ ಇದು: ಗಂಡ ಎಲ್ಲಿದ್ದಾನೆ ಅಂತ ನಾಲ್ಕು ವರ್ಷದಿಂದ ಗೊತ್ತಿಲ್ಲ. ಇವತ್ತೂ ಕಲಬುರಗಿಯ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದರೆ ವಕೀಲರು ಎಣಿಸುವುದು ಆ ನಾಲ್ಕು ವರ್ಷವನ್ನೇ.