ಬೆಸುಗೆ ಐರನ್ ಬಿಸಿ ಮಾಡುವ ಮುಂಚೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್. ಸಿಎನ್‌ಸಿ ಮಿಷನ್ನು, ಪ್ಯಾಕಿಂಗ್ ಮಿಷನ್ನುಗಳ ಎಲೆಕ್ಟ್ರಾನಿಕ್ ಕಾರ್ಡು ಕೆಟ್ಟರೆ ತಂದು ಕೊಡುತ್ತಾರೆ, ನಾವು ರಿಪೇರಿ ಮಾಡುತ್ತೇವೆ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. ಕಾರ್ಡು ಟೇಬಲ್ ಮೇಲೆ ಬಂದು ಅರ್ಧ ಗಂಟೆ ಆಗಿರುವುದಿಲ್ಲ, ಫೋನು ಶುರು. "ಸಾರ್, ಲೈನ್ ನಿಂತಿದೆ, ಎಷ್ಟೊತ್ತಿಗೆ ಆಗುತ್ತೆ?" ಈ ಗಡಿಬಿಡಿಯಲ್ಲಿ ನಮ್ಮ ಕಸುಬಿನವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಅನುಮಾನ ಬಂದ ಐಸಿಗಳನ್ನೆಲ್ಲ, ಅಂದರೆ ಚಿಪ್ಪುಗಳನ್ನೆಲ್ಲ, ಕಿತ್ತು ಹೊಸದು ಹಾಕುವುದು. ಐದು ಬದಲಾಯಿಸಿದರೆ ಅದರಲ್ಲಿ ಕೆಟ್ಟದ್ದು ಒಂದಾದರೂ ಇರುತ್ತೆ ಅಲ್ವಾ ಅನ್ನುವ ಲೆಕ್ಕ. ಕಾರ್ಡು ಓಡಿತು, ಬಿಲ್ಲು ಕೊಟ್ಟೆವು, ಮುಗೀತು. ನಿಜವಾಗಿ ಕೆಟ್ಟಿದ್ದು ಯಾವುದು ಅಂತ ಕೇಳಿದರೆ ನಮಗೇ ಗೊತ್ತಿರುವುದಿಲ್ಲ.

ನನ್ನ ಈ ಚಾಳಿ ಬಿಡಿಸಿದ್ದು ನಲವತ್ತು ವರ್ಷ ಹಳೆಯ ಒಂದು ಬಿಬಿಸಿ ಮೈಕ್ರೋ.

ಈಗಿನ ಹುಡುಗರಿಗೆ ಹೆಸರು ಗೊತ್ತಿರಲಿಕ್ಕಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಎಂಟು ಬಿಟ್ ಕಂಪ್ಯೂಟರ್ ಅದು. 2 ಮೆಗಾಹರ್ಟ್ಸ್ ಓಡುವ 6502 ಪ್ರೊಸೆಸರ್, ಬಿ ಮಾಡೆಲ್‌ನಲ್ಲಿ 32 ಕೆಬಿ ರ್‍ಯಾಮ್, ಅಷ್ಟೇ. ನಮ್ಮ ದೇಶಕ್ಕೂ ಬಂದಿತ್ತು. 1984ರಲ್ಲಿ ಶುರುವಾದ ಕ್ಲಾಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟಿದ್ದು ಇದನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ಯೂನಿಕಾರ್ನ್ ಅನ್ನುವ ಹೆಸರಿನಲ್ಲಿ ಇಲ್ಲೂ ಮಾಡಿತ್ತು. ಹೈಸ್ಕೂಲಿನಲ್ಲಿದ್ದಾಗ ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈ ಕಟ್ಟಿಕೊಂಡು ಇದರ ಮುಂದೆ ನಿಂತಿದ್ದೇನೆ. ಮೇಷ್ಟ್ರು ಒತ್ತುತ್ತಿದ್ದರು, ನಾವು ನೋಡುತ್ತಿದ್ದೆವು. ವರ್ಷಕ್ಕೆ ಎರಡು ಸಲ ಕೀ ಮುಟ್ಟಲು ಸಿಕ್ಕಿದ್ದರೆ ಹೆಚ್ಚು.

ಎರಡು ವರ್ಷದ ಹಿಂದೆ ಮ್ಯಾಂಚೆಸ್ಟರ್‌ನಲ್ಲಿರುವ ಅಕ್ಕನ ಮಗ ಒಂದನ್ನು ಸ್ವೆಟರ್‌ನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಅಲ್ಲಿ ಇವನ್ನು ಬದುಕಿಸಿಕೊಂಡು ಬಂದಿರುವ ಹವ್ಯಾಸಿಗಳ ದೊಡ್ಡ ಬಳಗವೇ ಇದೆಯಂತೆ. ಕೇಳಿ ನಾನು ನಕ್ಕಿದ್ದೆ. ಮಾಡಲು ಬೇರೆ ಕೆಲಸ ಇಲ್ಲದವರು ಅಂತ.

ಅವತ್ತು ರಾತ್ರಿಯೇ ಊಟ ಮುಗಿಸಿ ಪ್ಲಗ್ ಹಾಕಿದೆ. "ಬೀ..." ಅಂತ ಕೂಗಲು ಶುರು ಮಾಡಿತು, ನಿಲ್ಲಲೇ ಇಲ್ಲ. ಟಿವಿಯಲ್ಲಿ ಏನೂ ಇಲ್ಲ. ಏನಪ್ಪಾ ಇದು ಅಂತ ಬಗ್ಗಿ ನೋಡುವಷ್ಟರಲ್ಲಿ ಪವರ್ ಸಪ್ಲೈಯಿಂದ ಪಟ್ ಅಂತ ಸದ್ದು, ಹಿಂದೆಯೇ ಮನೆ ತುಂಬ ದಟ್ಟ ಹೊಗೆ. ಆ ನಾತ ಎರಡು ದಿನ ಹೋಗಲಿಲ್ಲ, ಹೆಂಡತಿಯ ಮಾತು ಇನ್ನೂ ನಿಂತಿಲ್ಲ.

ಹೊಗೆ ಬಂದಿದ್ದು ಮೇನ್ಸ್ ಫಿಲ್ಟರ್ ಕೆಪಾಸಿಟರ್‌ನಿಂದ. ರೀಫಾ ಅಂತ ಬ್ರ್ಯಾಂಡು, ಒಳಗೆ ಕಾಗದ, ಮೇಲೆ ಹಳದಿ ಬಣ್ಣದ ಪಾರದರ್ಶಕ ಕವಚ. ವರ್ಷಗಳು ಕಳೆದಂತೆ ಆ ಕವಚ ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಡುತ್ತದೆ, ತೇವ ಒಳಗೆ ಹೋಗುತ್ತದೆ, ಬಹಳ ದಿನದ ಮೇಲೆ ಕರೆಂಟು ಕೊಟ್ಟ ಕೂಡಲೇ ಸಿಡಿಯುತ್ತದೆ. ಇದನ್ನು ಬದಲಾಯಿಸದೆ ಹಳೆಯ ಬಿಬಿಸಿ ಮೈಕ್ರೋಗೆ ಪ್ಲಗ್ಗೇ ಹಾಕಬಾರದು ಅನ್ನುವುದು ಆ ಬಳಗದಲ್ಲಿ ಹೊಸಬರಿಗೂ ಗೊತ್ತಿರುವ ಮಾತು. ಎಸ್‌ಪಿ ರೋಡಿನಲ್ಲಿ ಒಂದು ಪ್ಲೇಟ್ ಬೋಂಡಾ ದುಡ್ಡಿಗೆ ಅದರ ಬದಲಿ ಎಕ್ಸ್2 ಫಿಲ್ಮ್ ಕೆಪಾಸಿಟರ್ ಸಿಗುತ್ತದೆ. ಇಪ್ಪತ್ತೈದು ವರ್ಷದ ಸರ್ವಿಸ್ ಇದ್ದ ನಾನು ಮುಚ್ಚಳ ತೆಗೆದು ನೋಡಿರಲಿಲ್ಲ.

ಅದೇನೋ ಸರಿಹೋಯಿತು. ಕೂಗು ನಿಲ್ಲಲಿಲ್ಲ. ಈಗ ಚಾಳಿ ಎದ್ದು ಕೂತಿತು. ಹಳೆಯ ಮಿಷನ್ನು, ರ್‍ಯಾಮ್ ಹೋಗಿರಬೇಕು ಅಂದುಕೊಂಡೆ. ಹದಿನಾರು ರ್‍ಯಾಮ್ ಚಿಪ್ಪು ಸಾಲಾಗಿ ಕೂತಿವೆ, ನನ್ನ ಬೋರ್ಡಿನಲ್ಲಿ ಎಲ್ಲಕ್ಕೂ ನೇರ ಬೆಸುಗೆ. ಮೊದಲನೆಯದನ್ನು ಕೀಳಲು ಹೋದೆ. ಚಿಪ್ಪು ಬಂತು, ಜೊತೆಗೆ ಅದರ ಕಾಲು ಬೆಸೆದಿದ್ದ ಬೋರ್ಡಿನ ಒಂದು ತಾಮ್ರದ ಪ್ಯಾಡೂ ಕಿತ್ತು ಬಂತು. ಪರೀಕ್ಷೆ ಮಾಡಿದರೆ ಚಿಪ್ಪು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ.

ಸುಮ್ನೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಅಲ್ಲಿನ ಒಬ್ಬ ನಿವೃತ್ತ ಎಂಜಿನಿಯರ್ ಜೊತೆ ಮಾತಾಡಿಸಿದ. ಮನೆಯಲ್ಲಿ ಏಳು ಬಿಬಿಸಿ ಮೈಕ್ರೋ ಇಟ್ಟುಕೊಂಡಿರುವ ಮನುಷ್ಯ. ನಾನು ಯಾವ ಐಸಿ ಹಾಕಲಿ ಅಂತ ಕೇಳಿದರೆ ಅವರು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಕೂಗು ಒಂದೇ ಸಮನೆ ಇದೆಯಾ, ಎರಡು ಸ್ವರ ಇದೆಯಾ? 5 ವೋಲ್ಟು ಅಳೆದಿದ್ದು ಎಲ್ಲಿ, ಸಪ್ಲೈ ಬಳಿಯಾ, ಚಿಪ್ಪಿನ ಕಾಲಿನ ಮೇಲೆಯಾ? ರೀಸೆಟ್ ಸಿಗ್ನಲ್‌ನ ವೋಲ್ಟೇಜು ಮೇಲೇರುತ್ತಿದೆಯಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ನಾಚಿಕೆ ಆಯಿತು.

ಆಮೇಲೆ ವಿವರಿಸಿದರು. ಇದರ ಸೌಂಡ್ ಚಿಪ್ಪು ಕರೆಂಟು ಸಿಕ್ಕ ಕೂಡಲೇ ತಾನಾಗಿ ಕೂಗಲು ಶುರು ಮಾಡುತ್ತದೆ. ಅದರ ಬಾಯಿ ಮುಚ್ಚಿಸುವುದು ರೋಮ್‌ನಲ್ಲಿ, ಅಂದರೆ ಕರೆಂಟು ಹೋದರೂ ಅಳಿಯದ ಮೆಮೊರಿ ಚಿಪ್ಪಿನಲ್ಲಿ, ಇರುವ ಆಪರೇಟಿಂಗ್ ಸಿಸ್ಟಂ. ಮಗು ಎದ್ದು ಅಳುತ್ತಿದೆ, ಅಮ್ಮನಿಗೆ ಎಚ್ಚರವಾಗಿಲ್ಲ, ಹಾಗೆ. ಕೂಗು ನಿಂತಿಲ್ಲ ಅಂದರೆ ಪ್ರೊಸೆಸರ್ ತನ್ನ ಕೆಲಸ ಶುರುವೇ ಮಾಡಿಲ್ಲ ಅಂತ. ಮೊದಲ ಸೆಕೆಂಡಿನಿಂದಲೇ ಮಿಷನ್ನು ಇದನ್ನು ನನಗೆ ಕೂಗಿ ಹೇಳುತ್ತಿತ್ತು!

ಐರನ್ ಆಫ್ ಮಾಡಿ, ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಸ್ಕೋಪ್ ತೆಗೆದೆ. 6502ರ 8ನೇ ಕಾಲಿನಲ್ಲಿ 5 ವೋಲ್ಟು ಸರಿ ಇದೆ. 40ನೇ ಕಾಲಿನಲ್ಲಿ ರೀಸೆಟ್ ಸರಿ. 37ರಲ್ಲಿ ಪ್ರೊಸೆಸರ್‌ಗೆ ತಾಳ ಹಾಕುವ ಕ್ಲಾಕ್ ಚೆನ್ನಾಗಿದೆ. 7ನೇ ಕಾಲು ಸಿಂಕ್, ಪ್ರೊಸೆಸರ್ ಒಂದೊಂದು ಹೊಸ ಆದೇಶ ಎತ್ತಿಕೊಂಡಾಗಲೂ ಅದು ಮೇಲೇಳಬೇಕು. ಬ್ರೇಕ್ ಕೀ ಒತ್ತಿ ಬಿಟ್ಟೆ. ನಾಲ್ಕು ಸಲ ಮಿಡುಕಿತು, ಆಮೇಲೆ ಹೆಣ. ಅಂದರೆ ಪ್ರೊಸೆಸರ್ ಓಡಲು ಹೊರಟು, ಯಾವುದೋ ಕೆಟ್ಟ ಆದೇಶ ತಿಂದು ಅಲ್ಲೇ ಬಿಗಿದುಕೊಂಡಿದೆ. 6502ರಲ್ಲಿ ಅಂಥ ಕೆಲವು ಕೋಡುಗಳಿವೆ, ಸಿಕ್ಕಿಬಿದ್ದರೆ ರೀಸೆಟ್ ಮಾಡುವವರೆಗೂ ಅಲ್ಲಾಡುವುದಿಲ್ಲ. ಆದೇಶ ಬರುವುದು ರೋಮ್‌ನಿಂದ. ರೋಮ್ ಕೂತಿರುವುದು ಸಾಕೆಟ್‌ನಲ್ಲಿ. ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎಬ್ಬಿದೆ. ಕಾಲುಗಳೆಲ್ಲ ದೀಪದ ಬತ್ತಿಯ ಹಾಗೆ ಕಪ್ಪಗಾಗಿದ್ದವು. ಮಗಳ ಪೆನ್ಸಿಲ್ ಬಾಕ್ಸಿನಿಂದ ರಬ್ಬರ್ ತಂದು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೆ ಕೂರಿಸಿದೆ.

"ಬೂ-ಬೀಪ್." ಎರಡು ಸ್ವರ, ಹೈಸ್ಕೂಲಿನಲ್ಲಿ ಕೇಳಿದ್ದೇ. ಆಮೇಲೆ ಮೌನ. ಸ್ಕ್ರೀನಿನ ಮೇಲೆ ಬೇಸಿಕ್‌ನ ಬಾಣದ ಗುರುತು. ಕಿತ್ತು ಬಂದ ಪ್ಯಾಡಿನ ಜಾಗಕ್ಕೆ ಅಷ್ಟರಲ್ಲಾಗಲೇ ತಂತಿ ಎಳೆದು ರ್‍ಯಾಮ್ ಚಿಪ್ಪನ್ನು ವಾಪಸ್ ಕೂರಿಸಿದ್ದೆ ಅನ್ನಿ.

ಈ ಹವ್ಯಾಸಿಗಳು ಯಾಕೆ ಹೀಗೆ ಕೆಲಸ ಮಾಡುತ್ತಾರೆ ಅಂತ ಆಮೇಲೆ ಅರ್ಥವಾಯಿತು. ಆ ಕಂಪ್ಯೂಟರಿಗೆಂದೇ ಮಾಡಿಸಿದ ವಿಡಿಯೋ ಯುಎಲ್ಎ ಥರದ ಚಿಪ್ಪುಗಳನ್ನು ಫ್ಯಾಕ್ಟರಿ ನಿಲ್ಲಿಸಿ ಎಷ್ಟೋ ಕಾಲವಾಯಿತು. ಒಂದು ಹಾಳಾದರೆ ಇನ್ನೊಂದು ಮಿಷನ್ನಿನ ಹೊಟ್ಟೆ ಬಗೆಯಬೇಕು. ಅದಕ್ಕೇ ಸಾಕ್ಷಿ ಸಿಗುವವರೆಗೂ ಯಾವ ಚಿಪ್ಪನ್ನೂ ಮುಟ್ಟುವುದಿಲ್ಲ. ನಮಗೆ ಬಿಡಿಭಾಗ ಸಲೀಸಾಗಿ ಸಿಗುತ್ತದೆ, ಅದೇ ನಮ್ಮನ್ನು ಕೆಡಿಸಿದ್ದು. ಹಾಗಂತ ಅವರೇನು ಮಡಿವಂತರಲ್ಲ. ಫ್ಲಾಪಿ ಡ್ರೈವ್ ಜಾಗಕ್ಕೆ ಪೆನ್‌ಡ್ರೈವ್ ಚುಚ್ಚುವ ಗೋಟೆಕ್ ಹಾಕುತ್ತಾರೆ. ಟ್ಯೂಬ್ ಅನ್ನುವ ಕನೆಕ್ಟರಿಗೆ ರಾಸ್ಪ್‌ಬೆರಿ ಪೈ ಸಿಕ್ಕಿಸಿ ಎರಡನೇ ಪ್ರೊಸೆಸರ್ ಮಾಡಿಕೊಳ್ಳುತ್ತಾರೆ. 1985ರಲ್ಲಿ ಏಕಾರ್ನ್‌ನವರು ತಮ್ಮ ಮೊಟ್ಟಮೊದಲ ಆರ್ಮ್ ಪ್ರೊಸೆಸರ್ ಚಿಪ್ಪನ್ನು ಓಡಿಸಿ ನೋಡಿದ್ದೂ ಬಿಬಿಸಿ ಮೈಕ್ರೋಗೆ ಹೀಗೆ ಸಿಕ್ಕಿಸಿಯೇ. ಈಗ ನಮ್ಮ ಟೇಬಲ್ಲಿಗೆ ಬರುವ ಹೊಸ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಅದರ ಮೊಮ್ಮಕ್ಕಳೇ.

ವರ್ಕ್‌ಶಾಪಿನಲ್ಲಿ ಈಗ ಒಂದು ನಿಯಮ ಮಾಡಿದ್ದೇನೆ. ವೋಲ್ಟೇಜು, ರೀಸೆಟ್, ಕ್ಲಾಕ್ ಮೂರನ್ನೂ ಚಿಪ್ಪಿನ ಕಾಲಿನ ಮೇಲೇ ಅಳೆದು ಚೀಟಿಯಲ್ಲಿ ಬರೆಯುವ ತನಕ ಐರನ್‌ಗೆ ಸ್ವಿಚ್ ಹಾಕುವ ಹಾಗಿಲ್ಲ. ಹುಡುಗರು ಗೊಣಗಿದರು. ಹೋದ ತಿಂಗಳು ಒಂದು ಪ್ಯಾಕಿಂಗ್ ಮಿಷನ್ ಕಾರ್ಡು ಬಂತು. ಮಾಮೂಲಾಗಿದ್ದರೆ ಪ್ರೊಸೆಸರ್ ಕಿತ್ತು ಹಾಕುವ ಕೇಸು. ಚೀಟಿ ನೋಡಿದರೆ ಸಪ್ಲೈ ಬಳಿ 5.02, ಪ್ರೊಸೆಸರ್ ಕಾಲಿನಲ್ಲಿ 4.58. ನಡುವೆ ಇದ್ದ ಕನೆಕ್ಟರಿನ ಒಂದು ಪಿನ್ನು ಸುಟ್ಟು ಕಪ್ಪಗಾಗಿತ್ತು. ನಲವತ್ತು ನಿಮಿಷದಲ್ಲಿ ಕಾರ್ಡು ವಾಪಸ್ ಹೋಯಿತು. ಪ್ರತಿ ಸಲ ಹೀಗಾಗುತ್ತೆ ಅಂತಲ್ಲ. ಗಿರಾಕಿ ಬಾಗಿಲಲ್ಲೇ ನಿಂತು ಕಿರುಚುವಾಗ ನಾನೇ ಎಷ್ಟೋ ಸಲ ನಿಯಮ ಮುರಿದಿದ್ದೇನೆ.

ಬಿಬಿಸಿ ಮೈಕ್ರೋ ಈಗ ವರ್ಕ್‌ಶಾಪಿನಲ್ಲೇ ಇದೆ, ಮುಚ್ಚಳ ತೆಗೆದೇ ಇಟ್ಟಿದ್ದೇನೆ. ಮೊನ್ನೆ ಹೊಸ ಹುಡುಗ ಅದರ ರ್‍ಯಾಮ್ ಸಾಲಿನ ಹತ್ತಿರ ಬಗ್ಗಿ, "ಸಾರ್, ಈ ಹಳದಿ ತಂತಿ ಕಂಪನಿಯವರೇ ಹಾಕಿದ್ದಾ?" ಅಂತ ಕೇಳಿದ. ಹ್ಞೂ ಅಂದುಬಿಟ್ಟೆ.