ನಮ್ಮ ಮಳೇಲಿ ಕಂಬದಂಥ ಮರ ಉಳಿಸ್ಕೊಳ್ಳೋದು

ಬಾಗಿಲು ತೆಗೆದ್ರೆ ಎದುರಿಗೇ ನಾಲ್ಕು ಸೈಪ್ರೆಸ್ ನಿಂತಿವೆ, ಈಗ ಎರಡಾಳೆತ್ತರ ಆಗಿವೆ, ದಪ್ಪ ಮಾತ್ರ ಎರಡು ಕೈ ಚಾಚಿ ತಬ್ಬಿದ್ರೆ ಸಿಗೋವಷ್ಟೇ. ಬೆಳಿಗ್ಗೆ ಮಂಜು ಇಳಿದಾಗ ಮನೆ ಮುಂದಿನ ತೋಟ ಎಲ್ಲ ಮರೆ ಆಗುತ್ತಲ್ಲ, ಆಗ ಈ ನಾಲ್ಕೇ ಕಪ್ಪಗೆ ಕಾಣ್ತವೆ, ನಂಗೆ ಕಾಫಿ ಲೋಟ ಹಿಡ್ಕೊಂಡು ಅದನ್ನ ನೋಡದೆ ದಿನ ಶುರು ಆಗಲ್ಲ. ಮೊದ್ಲು ಏಳು ಇದ್ವು. ಮೂರು ಹೋದ್ವು. ಯಾಕೆ ಹೋದ್ವು ಅಂತ ತಿಳ್ಕೊಳ್ಳೋಕೆ ಎರಡು ಮಳೆಗಾಲ ಬೇಕಾಯ್ತು, ಬೇರೆಯವ್ರಿಗೆ ಹಾಗಾಗೋದು ಬೇಡ ಅಂತ ಬರೀತಿದೀನಿ.

ನಮ್ಮದು ಕೊಡಗಿನ ಮಾದಾಪುರದ ಹತ್ರ, ಬರೆ, ಅಂದ್ರೆ ಗುಡ್ಡದ ಇಳಿಜಾರು, ಕಡಿದು ಜಾಗ ಸಮ ಮಾಡಿ ಕಟ್ಟಿದ ಮನೆ. ಮುಂದೆ ಅಂಗಳ ಅಂತ ಇರೋದು 12 ಅಡಿ, ಅದ್ರಾಚೆ ರಸ್ತೆ, ರಸ್ತೆ ಮೇಲೆ ಕರೆಂಟ್ ಲೈನ್. ಹಲಸು, ನೇರಳೆ ಎಲ್ಲ ನಂಗೂ ಇಷ್ಟಾನೇ, ಆದ್ರೆ ಇಷ್ಟು ಜಾಗದಲ್ಲಿ ಅದಕ್ಕೆ ಕೈಕಾಲು ಚಾಚೋಕೆ ಎಲ್ಲಿದೆ? 2018ರ ಆಗಸ್ಟಲ್ಲಿ ಇಲ್ಲಿ ಮಳೆಗೆ ಗುಡ್ಡ ಕುಸಿದಿದ್ದು ನೋಡಿದ ಮೇಲಂತೂ ಸೂರಿನ ಮೇಲೆ ಕೊಂಬೆ ಬಾಗಿರೋ ಮರ ಇದ್ರೆ ನಮ್ಮತ್ತೆಗೆ ಮಳೆಗಾಲದಲ್ಲಿ ನಿದ್ದೇನೇ ಬರಲ್ಲ. ರಸ್ತೆಯಿಂದ ಮನೆ ಒಳಗೆಲ್ಲ ಕಾಣ್ತಿತ್ತು, ಒಂದು ಮರೆ ಬೇಕಿತ್ತು, ವರ್ಷಪೂರ್ತಿ ಹಸಿರಿರಬೇಕು, ಅಡ್ಡ ಬೆಳೀಬಾರದು. ಹಾಗಾಗಿ ಕಂಬದ ಥರ ನೆಟ್ಟಗೆ ಹೋಗೋ ಇಟಾಲಿಯನ್ ಸೈಪ್ರೆಸ್ ತಂದ್ವಿ.

ನೆಟ್ಟಿದ್ದು ಹೇಗೆ ಅಂದ್ರೆ ಕಾಫಿ ಗಿಡ ನೆಡೋ ಥರಾನೇ. ಒಂದೂವರೆ ಅಡಿ ಚೌಕ, ಒಂದೂವರೆ ಅಡಿ ಆಳ ಗುಂಡಿ, ಒಳಗೆ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು. ಮೊದಲನೇ ವರ್ಷ ಚೆನ್ನಾಗೇ ಬಂದ್ವು. ಎರಡನೇ ವರ್ಷ ಜುಲೈ ಕೊನೇಲಿ ಬರೆ ಕಡೆಗಿದ್ದ ಮೂರು ಗಿಡಗಳ ಬಣ್ಣ ಸ್ವಲ್ಪ ಮಂಕಾಯ್ತು, ಹಸಿರೇ, ಆದ್ರೆ ಹೊಳಪಿಲ್ಲದ ಹಸಿರು, ಬೂದಿ ಎರಚಿದ ಹಾಗೆ. ನಾನು ಗೊಬ್ಬರ ಸಾಲ್ತಿಲ್ಲ ಅಂದ್ಕೊಂಡು ಇನ್ನೊಂದು ಬುಟ್ಟಿ ಗೊಬ್ಬರ ಸುರಿದೆ. ಸೆಪ್ಟೆಂಬರಲ್ಲಿ ಬಿಸಿಲು ಬಂದಿದ್ದೇ ತಡ, ಹತ್ತೇ ದಿನದಲ್ಲಿ ಕೆಳಗಿಂದ ಮೇಲಿನವರೆಗೆ ಕಂದು ತಿರುಗಿ ನಿಂತ್ಕೊಂಡ್ವು.

ಒಂದನ್ನ ಕಿತ್ತು ನೋಡಿದೆ. ಕೀಳೋಕೆ ಕಷ್ಟಾನೇ ಆಗ್ಲಿಲ್ಲ, ಕೈಗೆ ಹಾಗೇ ಬಂತು. ಗುಂಡಿ ಒಳಗಿನ ಮಣ್ಣು ಕಪ್ಪಗೆ, ಚರಂಡಿ ವಾಸನೆ. ಒಂದು ಸಣ್ಣ ಬೇರನ್ನ ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಮೇಲಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ನಾರು ಮಾತ್ರ ಉಳೀತು. ಅದನ್ನ ಹಿಡ್ಕೊಂಡು ನಿಂತಿದ್ದಾಗ ಪಕ್ಕದ ತೋಟದ ಮಾವ ಬಂದ್ರು, ನೋಡಿದ್ರು, "ಮೆಣಸಿನ ಬಳ್ಳಿ ಬುಡದಲ್ಲಿ ನೀರು ನಿಲ್ಲೋಕೆ ಬಿಡ್ತೀಯೇನಮ್ಮ ನೀನು? ಇದಕ್ಕೆ ಯಾಕೆ ಬಿಟ್ಟೆ?" ಅಂದ್ರು. ಅಷ್ಟೇ ಹೇಳಿದ್ದು. ನಂಗೆ ಅಲ್ಲೇ ಎಲ್ಲ ಅರ್ಥ ಆಗಿಹೋಯ್ತು.

ಮೆಣಸಿಗೆ ಬರೋ ಸೊರಗು ರೋಗ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಅದಕ್ಕೆ ಕಾರಣ ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿ, ನೀರು ನಿಂತ ಮಣ್ಣಲ್ಲಿ ಬೇರಿಂದ ಬೇರಿಗೆ ಈಜ್ಕೊಂಡು ಹೋಗೋ ಜಾತಿ. ಅದೇ ಕುಟುಂಬದ ಬೇರೆ ಪ್ರಭೇದಗಳು ಸೈಪ್ರೆಸ್ ಬೇರನ್ನೂ ಹೀಗೇ ಕೊಳೆಸ್ತವೆ. ನಾನು ತೋಡಿದ್ದು ಗಟ್ಟಿ ಜೇಡಿಮಣ್ಣಲ್ಲಿ, ಒಳಗೆ ತುಂಬಿದ್ದು ಸಡಿಲ ಗೊಬ್ಬರ, ಸುತ್ತಲಿನ ನೀರೆಲ್ಲ ಬಂದು ಆ ಗುಂಡಿಲಿ ನಿಲ್ತು, ಬಕೆಟ್ಟಲ್ಲಿ ಗಿಡ ಅದ್ದಿಟ್ಟ ಹಾಗಾಯ್ತು. ಮಳೆಗಾಲದಲ್ಲೇ ಬೇರು ಹೋಗಿತ್ತು, ಮೋಡ ಮುಚ್ಚಿದ್ದಕ್ಕೆ ಎಲೆಗೆ ಗೊತ್ತಾಗಿರ್ಲಿಲ್ಲ, ಬಿಸಿಲು ಬಂದು ನೀರು ಬೇಕಾದಾಗ ಕೆಳಗಿಂದ ತರೋರು ಯಾರೂ ಇರ್ಲಿಲ್ಲ.

ಈ ಮರದ ತವರು ಮೆಡಿಟರೇನಿಯನ್ ಕಡೆ. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಜೂನ್ ಜುಲೈ ಆಗಸ್ಟ್ ಅಂದ್ರೆ ಒಣ ಬಿಸಿಲು. ನಮ್ಮಲ್ಲಿ ಪೂರ್ತಿ ಉಲ್ಟಾ. ನಿಜ ಹೇಳ್ಬೇಕಂದ್ರೆ ಸೈಪ್ರೆಸ್, ಪೈನ್ ಥರದ ಕೋನಿಫರ್ ಗುಂಪಿನಲ್ಲಿ ದಕ್ಷಿಣ ಭಾರತದ ಕಾಡಲ್ಲಿ ತಾನಾಗೇ ಬೆಳೆಯೋದು ನಾಗೇಯಾ ಅನ್ನೋ ಒಂದೇ ಜಾತಿ, ಉಳಿದಿದ್ದೆಲ್ಲ ನೆಂಟರು. ನೆಂಟರನ್ನ ಕರ್ಕೊಂಡು ಬಂದ್ಮೇಲೆ ಅವ್ರಿಗೆ ಒಗ್ಗೋ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ.

ಉಳಿದ ನಾಲ್ಕನ್ನ ಆ ವರ್ಷ ಅಕ್ಟೋಬರಲ್ಲಿ, ಕಾವೇರಿ ತೀರ್ಥ ಮುಗಿದ ವಾರ, ಒಂದೊಂದೇ ಮಣ್ಣುಂಡೆ ಸಮೇತ ಎತ್ತಿಸಿ ದಿಬ್ಬದ ಮೇಲೆ ಕೂರಿಸಿದ್ವಿ. ಗಿಡ ಸಣ್ಣದಿತ್ತು ಅಂತ ಸಾಧ್ಯ ಆಯ್ತು, ದೊಡ್ಡ ಸೈಪ್ರೆಸ್ ಎತ್ತಿದ್ರೆ ಬದುಕೋದು ಕಷ್ಟ. ದಿಬ್ಬ ಅಂದ್ರೆ ನೆಲದಿಂದ ಒಂದಡಿ ಎತ್ತರ, ನಾಲ್ಕಡಿ ಅಗಲ, ಅಲ್ಲಿಯದೇ ಮಣ್ಣಿಗೆ ದಪ್ಪ ಮರಳು ಮತ್ತೆ ಸ್ವಲ್ಪ ಗೊಬ್ಬರ. ಕಾಂಡ ಬುಡದಲ್ಲಿ ಅಗಲ ಆಗಿ ಬೇರು ಶುರು ಆಗುತ್ತಲ್ಲ, ಆ ಜಾಗ ಮಣ್ಣಿನ ಮೇಲೆ ಕಾಣ್ಬೇಕು, ಹೂತು ಹಾಕ್ಬಾರ್ದು. ಬರೆ ಕಡೆಯಿಂದ ಬರೋ ನೀರು ಅಡ್ಡ ತಿರುಗೋಕೆ ಮೊಳಕೈ ಆಳದ ಚರಂಡಿ, ಅದರ ಬಾಯಿ ರಸ್ತೆ ಮೋರಿಗೆ. ಇಷ್ಟೇ ಮಾಡಿದ್ದು, ಆಮೇಲೆ ಒಂದು ಗಿಡಾನೂ ಸತ್ತಿಲ್ಲ.

ಹೊಸದಾಗಿ ತರೋರು ನರ್ಸರಿಲೇ ಒಂದು ನೋಡ್ಕೊಳ್ಳಿ. ಪ್ಲಾಸ್ಟಿಕ್ ಚೀಲದ ತಳದಲ್ಲಿ ಬೇರು ಗುಂಡಗೆ ಸುತ್ಕೊಂಡು ಸಿಂಬೆ ಥರ ಆಗಿದ್ರೆ ಅದು ನೆಲಕ್ಕೆ ಹೋದ್ಮೇಲೂ ಸುತ್ತುತ್ತಾನೇ ಇರುತ್ತೆ, ಹೊರಗೆ ಹೋಗಲ್ಲ, ಜೋರು ಗಾಳಿಗೆ ಮರ ಬುಡಸಮೇತ ಮಗುಚುತ್ತೆ. ಎತ್ತರ ನೋಡಿ ಆಸೆ ಪಡ್ಬೇಡಿ, ಎರಡಡಿ ಗಿಡ ತಗೊಳ್ಳಿ, ಸುತ್ತಿದ ಬೇರಿದ್ರೆ ನೆಡೋವಾಗ ನಾಲ್ಕು ಕಡೆ ಚಾಕುವಲ್ಲಿ ಸೀಳಿ ಬಿಡಿಸಿ.

ಮಳೆ ಶುರುವಾಗೋ ಮೊದ್ಲು, ಮೆಣಸಿನ ಬಳ್ಳಿಗೆ ಬೋರ್ಡೋ (ಕೊಳೆ ರೋಗ ತಡೆಯೋ ಮೈಲುತುತ್ತ-ಸುಣ್ಣದ ದ್ರಾವಣ) ಮಾಡೋ ದಿನಾನೇ ಇವಕ್ಕೂ ಬುಡಕ್ಕೆ ಹಾಕ್ತೀವಿ. ಶೇ. 1ರ ದ್ರಾವಣ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು. ಕತ್ತಿ ತುದಿ ಒಂದು ನಿಮಿಷ ಅದ್ದಿ ತೆಗೆದ್ರೆ ಕೆಂಪಗೆ ತಾಮ್ರ ಹಿಡಿದಿದ್ರೆ ಸುಣ್ಣ ಸಾಲದು ಅಂತ, ಇನ್ನೊಂಚೂರು ಸುಣ್ಣದ ತಿಳಿ ಹಾಕ್ಬೇಕು. ಆದ್ರೆ ಬೋರ್ಡೋ ಹಾಕಿದ್ವಲ್ಲ ಅಂತ ಚರಂಡಿ ಬಿಟ್ರೆ ಪ್ರಯೋಜನ ಇಲ್ಲ. ನೀರು ಹರಿದು ಹೋಗೋದೇ ಮೊದಲನೇ ಔಷಧಿ. ತರಗೆಲೆ ಮುಚ್ಚಿಗೆ ಬೇಸಿಗೇಲಿ ಬೇಕೇ ಬೇಕು, ಮಳೆಗಾಲಕ್ಕೆ ಮಾತ್ರ ಕಾಂಡದಿಂದ ಒಂದು ಗೇಣು ದೂರ ಸರಿಸಿಬಿಡಿ.

ಬಿಸಿಲಿನ ವಿಷಯ ಹೇಳ್ಲೇಬೇಕು. ನಮ್ಮಲ್ಲಿ ಎಲ್ಲೆಲ್ಲೂ ಸಿಲ್ವರ್ ಓಕ್ ನೆರಳು, ಆ ನೆರಳಲ್ಲಿ ಸೈಪ್ರೆಸ್ ಇಟ್ರೆ ಒಳಗೆಲ್ಲ ಬೋಳಾಗಿ ಕೊಂಬೆ ಬೆಳಕಿನ ಕಡೆ ವಾಲುತ್ತೆ, ಕಂಬದ ಆಕಾರ ಹೋಗುತ್ತೆ. ಆಮೇಲೆ ಜಡಿಮಳೇಲಿ ಎಲೆ ನೀರು ಕುಡಿದು ಭಾರಕ್ಕೆ ಕೊಂಬೆ ಹೊರಗೆ ಬಿಚ್ಕೊಳ್ಳೋದೂ ಇದೆ, ಮಡಚಿದ ಕೊಡೆ ಅರ್ಧ ಬಿಚ್ಚಿದ ಹಾಗೆ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಕೆಳಗಿಂದ ಮೇಲಕ್ಕೆ ಸುತ್ತಾಗಿ ಸಡಿಲವಾಗಿ ಕಟ್ತೀನಿ, ಮಳೆ ಬಿಟ್ಮೇಲೆ ಮರೀದೆ ಬಿಚ್ತೀನಿ, ಇಲ್ಲಾಂದ್ರೆ ಕಾಂಡಕ್ಕೆ ಕಚ್ಚುತ್ತೆ. ತುದೀಲಿ ಎರಡು ಕುಡಿ ಪೈಪೋಟಿಗೆ ಬಿದ್ರೆ ಒಂದನ್ನ ಎಳೇದಾಗಿರೋವಾಗ್ಲೇ ತೆಗೀಬೇಕು.

ಕತ್ತರಿ ಹಿಡಿಯೋವಾಗ ಮಾತ್ರ ತುಂಬ ಜೋಪಾನ. ಹಸಿರಿರೋ ತುದಿ ಮಾತ್ರ ಸವರಬೇಕು, ಒಳಗಿನ ಕಂದು ಕಟ್ಟಿಗೆವರೆಗೂ ಕತ್ತರಿಸಿದ್ರೆ ಅಲ್ಲಿ ಮತ್ತೆ ಚಿಗುರಲ್ಲ, ಆ ತೂತು ಹಾಗೇ ಉಳಿಯುತ್ತೆ. ಕಾಫಿ ಗಿಡ ಬುಡಕ್ಕೆ ಕಡಿದ್ರೂ ಚಿಗುರುತ್ತೆ ಅನ್ನೋ ಅಭ್ಯಾಸದಲ್ಲಿ ನಮ್ಮ ಆಳುಗಳು ಒಂದು ಸಲ ಒಂದು ಬದಿ ಹೀಗೆ ಮಾಡಿದ್ರು, ಮೂರು ವರ್ಷ ಆಯ್ತು, ಆ ಜಾಗ ಇವತ್ತಿಗೂ ಬೋಳು.

ಫೆಬ್ರವರಿಯಿಂದ ಕಾಫಿ ಹೂ ಅರಳಿಸೋ ಹೂಮಳೆ ಬರೋವರೆಗೆ ಇನ್ನೊಂದು ಕಾಟ, ಕೆಂಪು ನುಸಿ. ರಸ್ತೆ ಧೂಳು ಕೂತ ಗಿಡಕ್ಕೆ ಜಾಸ್ತಿ. ಎಲೆ ಮಾಸಲು ಕಂಡ್ರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ, ಮೆಣಸಿನ ಪುಡಿಯಂಥ ಚುಕ್ಕೆಗಳು ಬಿದ್ದು ಒಂದು ಕ್ಷಣ ಆದ್ಮೇಲೆ ನಡೆಯೋಕೆ ಶುರು ಮಾಡ್ತವೆ. ನಾನು ಔಷಧಿ ಹೊಡೆಯಲ್ಲ, ವಾರಕ್ಕೆರಡು ಸಲ ಬೆಳಿಗ್ಗೆ ಪೈಪಲ್ಲಿ ಜೋರಾಗಿ ಎಲೆ ತೊಳೀತೀನಿ, ಹೋಗ್ತವೆ. ಒಳಗಿನ ಹಳೇ ಎಲೆ ಒಣಗಿ ಉದುರೋದಕ್ಕೆ ಗಾಬರಿ ಬೇಡ, ಅದು ಸಹಜ, ತುದಿ ಒಣಗಿದ್ರೆ ಮಾತ್ರ ಬುಡ ನೋಡಿ.

ತುಂಬ ಜನ ಕೇಳ್ತಾರೆ, ಇಷ್ಟು ಕಷ್ಟ ಯಾಕೆ, ಅಶೋಕ ಹಾಕ್ಬೋದಿತ್ತಲ್ಲ ಅಂತ. ಹಾಕ್ಬೋದು, ಕಂಬದ ಥರ ಎಲೆ ಜೋತಾಡಿಸ್ಕೊಂಡು ನಿಲ್ಲೋ ಆ ಅಶೋಕ ನಮ್ಮ ಮಳೆಗೆ ಸೈಪ್ರೆಸ್‌ಗಿಂತ ಚೆನ್ನಾಗಿ ತಡಿಯುತ್ತೆ, ಕಡಿದ್ರೂ ಚಿಗುರುತ್ತೆ, ಹಣ್ಣಿಗೆ ಬಾವಲಿ ಬರ್ತವೆ. ಸೀತೆ ಕೂತಿದ್ದ ಅಶೋಕ ಅಂತ ಹೇಳೋದು ಇದಲ್ಲ, ಅದು ಕೆಂಪು ಹೂವಿನ ಬೇರೆ ಮರ. ಮೊದಲನೇ ಸಲ ನೆಡೋರಿಗೆ ನಾನೂ ಅಶೋಕಾನೇ ಹೇಳೋದು. ಕ್ರಿಸ್ಮಸ್ ಟ್ರೀ ಅಂತ ಕುಂಡದಲ್ಲಿ ಮಾರೋದನ್ನ ಮಾತ್ರ ಸಣ್ಣ ಅಂಗಳದಲ್ಲಿ ನೆಡ್ಬೇಡಿ. ಅದ್ರಲ್ಲಿ ಹೆಚ್ಚಿನವು ಕುಕ್ ಪೈನ್, ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು, 200 ಅಡಿ ಹತ್ರ ಹೋಗೋ ಜಾತಿ, ಅದೂ ನೆಟ್ಟಗೆ ಹೋಗಲ್ಲ. ಐದು ಖಂಡಗಳಲ್ಲಿ 256 ಮರ ಅಳೆದು 2017ರಲ್ಲಿ ಒಂದು ಅಧ್ಯಯನ ಬಂತು, ಈ ಮರಗಳು ಎಲ್ಲಿದ್ರೂ ಭೂಮಧ್ಯರೇಖೆ ಕಡೆ ವಾಲ್ತವಂತೆ, ಸರಾಸರಿ 8.55 ಡಿಗ್ರಿ. ಅಂದ್ರೆ ನಮ್ಮಲ್ಲಿ ದಕ್ಷಿಣಕ್ಕೆ. ದಕ್ಷಿಣಕ್ಕೆ ಯಾರ ಮನೆ ಇದೆ ಅಂತ ನೋಡ್ಕೊಂಡು ನೆಡ್ಬೇಕು ಅದನ್ನ.

ಹೋದ ವಾರ ಎರಡು ಸಲ ಗುಡುಗಿ ಮಳೆ ಹೊಯ್ತು. ಚರಂಡಿ ಬಾಯಲ್ಲಿ ಸಿಲ್ವರ್ ಓಕ್ ಎಲೆ ಅಡಕಿ ಕೂತು ಎರಡನೇ ಗಿಡದ ಪಕ್ಕ ಅಂಗೈಯಷ್ಟು ನೀರು ನಿಂತಿತ್ತು, ಕೈ ಹಾಕಿ ಎಲೆ ತೆಗೆದೆ, ಗೊಳಕ್ ಅಂತ ಹರಿದು ಹೋಯ್ತು. ಭಾನುವಾರ ಪೂರ್ತಿ ಕೆರೆಸ್ಬೇಕು, ಜೂನ್ ಬರೋದ್ರೊಳಗೆ. ಸತ್ತ ಮೂರರ ಜಾಗ ಇನ್ನೂ ಖಾಲಿ ಇದೆ, ಅಲ್ಲಿ ಈ ಸಲ ದಿಬ್ಬ ಮಾತ್ರ ಹಾಕಿಸ್ತೀನಿ, ಒಂದು ಮಳೆಗಾಲ ಅದ್ರ ಮೇಲೆ ನೀರು ಹೇಗೆ ಇಳಿಯುತ್ತೆ ನೋಡ್ತೀನಿ, ಗಿಡ ತರೋದು ಅಕ್ಟೋಬರಿಗೆ.